ಕೊನೆಯ ಕಾಲುಗಂಟೆಯ ಪ್ರಶ್ನೆಗಳು

ಹೊಸ ಫ್ಲೆಕ್ಸ್ ಬ್ಯಾನರಿಗೆ ಒಂದು ವಾಸನೆಯಿದೆ. ಮಡಿಕೆ ಬಿಚ್ಚಿದ ಹೊಸ ರೇನ್‌ಕೋಟಿನಂತೆ, ಅದಕ್ಕೊಂದು ತೊಟ್ಟು ಸೀಮೆಎಣ್ಣೆ ಸೇರಿಸಿದಂತೆ. ಹೋದ ತಿಂಗಳು ಪೆನ್ಷನ್ನಿನ ಕೆಲಸಕ್ಕೆ ಗಡಿಯಾಚೆಯ ತಮಿಳುನಾಡಿನ ಹೊಸೂರಿಗೆ ಹೋಗಿದ್ದೆ. ನಾನಿನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಬ್ಯಾಂಕಿನವರಿಗೆ ಮುಖ ತೋರಿಸಿ ಬರಬೇಕಲ್ಲ, ಅದಕ್ಕೆ. ವಾಪಸು ಬರುವಾಗ ಒಂದು ತಿರುವಿನಲ್ಲಿ ಆಟೋ ನಿಂತಿತು. ಇಬ್ಬರು ಕೆಲಸದವರು ಕಂಬ ನೆಟ್ಟು, ಲಾರಿಯಷ್ಟು ಉದ್ದದ ಬ್ಯಾನರನ್ನು ಎತ್ತಿ ಕಟ್ಟುತ್ತಿದ್ದರು. ಅದರ ತುಂಬ ಒಬ್ಬಳೇ ಹುಡುಗಿ. ತಲೆಗೆ ಕಿರೀಟ, ಮೈತುಂಬ ಒಡವೆ, ಬೆನ್ನ ಹಿಂದೆ ಯಾವುದೋ ದೇಶದ ಹಿಮದ ಬೆಟ್ಟ. ಹುಡುಗಿ ದೊಡ್ಡವಳಾಗಿದ್ದಾಳೆ, ಆರತಿಗೆ ಎಲ್ಲರೂ ಬನ್ನಿ ಎಂದು ತಮಿಳಿನ ದಪ್ಪ ಅಕ್ಷರಗಳು. ಕೆಳಗೆ ಸಾಲಾಗಿ ಮಾವಂದಿರು, ಚಿಕ್ಕಪ್ಪಂದಿರು, ಎಲೆಕ್ಷನ್ನಿಗೆ ನಿಂತವರಂತೆ ಕೈಮುಗಿದಿದ್ದರು.

ಡ್ರೈವರ್ ಹಾರನ್ ಒತ್ತುತ್ತಲೇ ಇದ್ದ. ನಾನು ಆ ವಾಸನೆಯಲ್ಲಿ, ಕೂತಲ್ಲೇ, ಎರಡು ಸಾವಿರದ ಆರನೆಯ ಇಸವಿಗೆ ಹೋಗಿಬಿಟ್ಟಿದ್ದೆ.

ಅದು ಚಿಕೂನ್‌ಗುನ್ಯದ ವರ್ಷ. ಆ ಮಳೆಗಾಲದಲ್ಲಿ ಹೊಸೂರಿಗೆ ಹೊಸೂರೇ ಬಗ್ಗಿ ನಡೆಯುತ್ತಿತ್ತು. ಹಾಲಿನವನು ಕ್ಯಾನನ್ನು ಎದೆಗವುಚಿಕೊಂಡು ಬರುತ್ತಿದ್ದ, ಬೆರಳು ಮಡಚಲು ಬರುತ್ತಿರಲಿಲ್ಲ. ಫ್ಯಾಕ್ಟರಿ ಬಸ್ಸಿನ ಮೆಟ್ಟಿಲೇರಲು ಶಿಫ್ಟಿನ ಗಂಡಸರು ಒಬ್ಬರ ಕೈ ಒಬ್ಬರು ಹಿಡಿದು ಎಳೆಯುತ್ತಿದ್ದರು. ಜ್ವರದ ಹೆಸರು ಕೇಳಿ ಜನ ಕೋಳಿ ತಿನ್ನುವುದನ್ನೇ ಬಿಟ್ಟರು. ನನಗೂ ಬಂತು. ಜ್ವರ ಹೋಯಿತು, ನೋವು ಮಾತ್ರ ಬಾಡಿಗೆದಾರನಂತೆ ಮಂಡಿಯಲ್ಲೇ ಉಳಿಯಿತು. ಬೆಳಿಗ್ಗೆ ಎದ್ದು ಬಾತ್‌ರೂಮಿನ ಬಾಗಿಲು ಮುಟ್ಟುವ ಹೊತ್ತಿಗೆ ಒಂದು ದಿನದ ಕೆಲಸ ಮುಗಿಸಿದಷ್ಟು ಸುಸ್ತು.

ನಾನು ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ, ಅಲ್ಲಿಯ ಕಾನ್ವೆಂಟಿನಲ್ಲಿ ಓದಿದವಳು. ನಮ್ಮವರ ಫ್ಯಾಕ್ಟರಿ ಕೆಲಸ ನನ್ನನ್ನು ಹೊಸೂರಿಗೆ ತಂದಿತು. ಅವರು ತೀರಿಹೋದಮೇಲೂ ನಾನು ಅದೇ ಬಾಡಿಗೆ ಮನೆಯ ಮಹಡಿಯಲ್ಲಿ ಉಳಿದೆ. ಬೇರೆ ಎಲ್ಲಿಗೆ ಹೋಗಬೇಕೆಂದು ಯೋಚಿಸಲೂ ದಣಿವು. ಆಗ ಶುರುವಾದದ್ದು ಟ್ಯೂಷನ್. ಸರ್ಕಾರಿ ಶಾಲೆಯ ಕನ್ನಡ ಮೀಡಿಯಂ ಮಕ್ಕಳು, ಹತ್ತನೆಯ ಕ್ಲಾಸು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು. ಮೂರರಲ್ಲೂ ಜಗಳವಾಡಬಲ್ಲವರು ಇಂಗ್ಲಿಷ್ ಹೋಮ್‌ವರ್ಕ್ ತೆಗೆದರೆ ಮಾತ್ರ ಹರಕೆಯ ಕುರಿಗಳಂತೆ ನಿಲ್ಲುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ನನ್ನ ಮೆಟ್ಟಿಲು ಹತ್ತಿ ಬರುವರು. ಸಾನಮಾವು ಊರಿನ ಕಡೆಯ ಮಕ್ಕಳು ಕತ್ತಲಾಗುವ ಮುಂಚಿನ ಬಸ್ಸು ಹಿಡಿಯಬೇಕು, ಕಾಡಂಚಿನಲ್ಲಿ ಆನೆ ಇಳಿಯುತ್ತದೆ. ಹಾಗಾಗಿ ಪಾಠ ಒಂದು ಗಂಟೆಗಿಂತ ಹೆಚ್ಚು ನಡೆದದ್ದೇ ಇಲ್ಲ.

ಆ ವರ್ಷ ಬರೆಸಿದ್ದೆಲ್ಲ ಎರಡೇ. ಒಂದು, ನಿಮ್ಮ ಏರಿಯಾದ ಸೊಳ್ಳೆಕಾಟದ ಬಗ್ಗೆ ಪತ್ರಿಕೆಯ ಎಡಿಟರಿಗೆ ಲೆಟರ್. ಇನ್ನೊಂದು, ಎಲ್ಲ ಕಾಲಕ್ಕೂ ಸಲ್ಲುವ ಲೀವ್ ಲೆಟರ್: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್.' ಆ ವಾಕ್ಯ ಮಾತ್ರ ಎಲ್ಲರಿಗೂ ನಿದ್ದೆಯಲ್ಲೂ ಬರುತ್ತಿತ್ತು. ಮುನಿರಾಜು ಎಂಬ ತರಲೆ ಹುಡುಗ ಹೇಳುತ್ತಿದ್ದ, "ಇಂಗ್ಲಿಷಲ್ಲಿ ಜ್ವರ ಒಂದೇ ಕಾಯ್ಲೆ ಮಿಸ್. ಹೊಟ್ಟೆನೋವು ಬಂದ್ರೆ ಕನ್ನಡದಲ್ಲೇ ಬರ್ಬೇಕು."

ಕೊನೆಯ ಕಾಲುಗಂಟೆ ಮಾತ್ರ ಪುಸ್ತಕ ಮುಚ್ಚಿಸುತ್ತಿದ್ದೆ. ನಮ್ಮ ಕಾನ್ವೆಂಟಿನಲ್ಲಿ ಕನ್ನಡವೋ ತಮಿಳೋ ಮಾತಾಡಿ ಸಿಕ್ಕಿಬಿದ್ದವಳ ಕೊರಳಿಗೆ ಸಿಸ್ಟರ್ ಒಂದು ಮರದ ಬಿಲ್ಲೆ ನೇತುಹಾಕುತ್ತಿದ್ದರು. ನಾನು ಅದನ್ನು ತಿರುಗಿಸಿ ಹಾಕಿದೆ ಅನ್ನಿ. ಕೊನೆಯ ಕಾಲುಗಂಟೆಯಲ್ಲಿ ಯಾರು ಬೇಕಾದರೂ ಏನನ್ನಾದರೂ ಕೇಳಬಹುದು, ಬೈಗುಳವಿಲ್ಲ, ನಗುವುದಿಲ್ಲ, ಮನೆಗೆ ಸುದ್ದಿ ಹೋಗುವುದಿಲ್ಲ. ಷರತ್ತು ಒಂದೇ: ಇಂಗ್ಲಿಷಿನಲ್ಲಿ ಕೇಳಬೇಕು. ಹೇಗಾದರೂ ಸರಿ, ಮುರುಕಲಾದರೂ ಸರಿ. ಉತ್ತರ ನಾನು ಕನ್ನಡದಲ್ಲಿ ಕೊಡುತ್ತೇನೆ.

ಸ್ಪೋಕನ್ ಇಂಗ್ಲಿಷ್ ಬರಲಿ ಎಂದು ಮಾಡಿದ ಉಪಾಯ ಅದು. ಆದರೆ ಬಂದದ್ದು ಬೇರೆ.

"ಮಿಸ್, ವೈ ಮೀಸೆ ಕಮಿಂಗ್ ಓನ್ಲಿ ಒನ್ ಸೈಡ್?" ಅದು ಮುನಿರಾಜು.

"ಮಿಸ್, ಫಾದರ್ ಡ್ರಿಂಕಿಂಗ್. ಐ ಹೇಟ್. ಈಸ್ ಇಟ್ ಸಿನ್?"

"ಮಿಸ್, ಒನ್ ಬಾಯ್ ಸೀಯಿಂಗ್ ಮಿ ಇನ್ ಬಸ್. ಐ ಆಲ್ಸೊ ಸೀಯಿಂಗ್. ನೌ ವಾಟ್?"

ಕನ್ನಡದಲ್ಲಿ ಈ ಮಕ್ಕಳು ಇಂಥ ಒಂದು ಮಾತನ್ನೂ ಆಡುತ್ತಿರಲಿಲ್ಲ. ಕನ್ನಡದಲ್ಲಿ ಅಪ್ಪ ಇದ್ದ, ಅಜ್ಜಿ ಇದ್ದಳು, ಊರಿಗೆ ಊರೇ ಕಿವಿಗೊಟ್ಟು ಕೂತಿತ್ತು. ಇಂಗ್ಲಿಷಿನಲ್ಲಿ ಅವರಿಗೆ ನೆಂಟರು ಯಾರೂ ಇರಲಿಲ್ಲ. ಮೈ ಡಿಯರ್ ಸಿಸ್ಟರ್ಸ್, ನೀವು ನನಗೆ ಕಲಿಸಿದ ಭಾಷೆಗೆ ಇಂಥದ್ದೊಂದು ಉಪಯೋಗವಿದೆ ಎಂದು ನೀವೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಯಶೋದ ಸಾನಮಾವು ಕಡೆಯ ಹುಡುಗಿ. ಅಪ್ಪ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ, ಅಮ್ಮ ಗುಲಾಬಿ ತೋಟದಲ್ಲಿ. ಬೆಳಗಾಗುವ ಮುಂಚೆ ಹೂ ಕೊಯ್ಯಲು ಹೋಗುವ ತಾಯಿ ತೊಟ್ಟು ಗಿಡ್ಡವೆಂದು ಬಿಸಾಡಿದ ಹೂಗಳನ್ನು ಮನೆಗೆ ತರುತ್ತಿದ್ದಳು, ಮಗಳು ಅದನ್ನು ನನಗೆ ತಂದುಕೊಡುತ್ತಿದ್ದಳು. ಜ್ವರದ ಮೈಗೆ ಆ ಬಾಡಿದ ಗುಲಾಬಿಯ ಗಂಧವೂ ಭಾರ ಅನ್ನಿಸುತ್ತಿತ್ತು. ಹುಡುಗಿ ಹೆಚ್ಚು ಮಾತಿನವಳಲ್ಲ. ಆದರೆ ಮಾತಾಡಿದರೆ ಚುರುಕು. ಒಮ್ಮೆ ಅವಳ ಅಕ್ಕನ ವಿಷಯ ಬಂತು. ಅಕ್ಕ ದೊಡ್ಡವಳಾದಾಗ ಲಾರಿ ಓಡಿಸುವ ಸೋದರಮಾವ ಊರ ಬಾಗಿಲಲ್ಲಿ ಬ್ಯಾನರ್ ಕಟ್ಟಿಸಿದನಂತೆ, ಊರಿಗೆಲ್ಲ ಊಟ ಹಾಕಿಸಿದನಂತೆ. ಆರತಿ ಮುಗಿದಮೇಲೆ ಅಕ್ಕ ಶಾಲೆಯ ಕಡೆ ತಲೆ ಹಾಕಲಿಲ್ಲ. ಮೈನೆರೆದ ಹುಡುಗಿ ಬಸ್ಸಿನಲ್ಲಿ ಓಡಾಡಬಾರದು, ಕಾಡ ದಾರಿ ಬೇರೆ.

"ಆ ಬ್ಯಾನರ್ ಏನ್ ಮಾಡಿದ್ರು?" ಅಂದೆ ಸುಮ್ಮನೆ.

"ಕೊಟ್ಟಿಗೆ ಮೇಲೆ ಹೊದಿಸವ್ರೆ ಮಿಸ್. ಈಗ್ಲೂ ನಮ್ಮಕ್ಕ ಅಲ್ಲೇ ಅವ್ಳೆ. ಮಳೆ ಬಂದ್ರೆ ಅವ್ಳ ಮೂಗಿನ ಮೇಲಿಂದ ಹಸೂ ಮೇಲೆ ನೀರ್ ಸೋರ್ತದೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಕ್ವಾರ್ಟರ್ಲಿ ಪರೀಕ್ಷೆ ಮುಗಿದ ಹೊಸತು. ಹೊರಗೆ ಜಿಟಿಜಿಟಿ ಮಳೆ. ಕೊನೆಯ ಕಾಲುಗಂಟೆಯಲ್ಲಿ ಯಶೋದ ಎದ್ದು ನಿಂತಳು. ಅವಳು ಅದುವರೆಗೆ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ.

"ಮಿಸ್, ಇಫ್ ಒನ್ ಗರ್ಲ್ ಬಿಕಮ್ ಬಿಗ್, ಅಂಡ್ ನೋಬಡಿ ನೋ, ಶಿ ಈಸ್ ಬಿಗ್ ಆರ್ ನಾಟ್ ಬಿಗ್?"

"ಒಗಟೇನ್ಲಾ ಇದು?" ಎಂದು ಮುನಿರಾಜು ಪಕ್ಕದವನನ್ನು ತಿವಿದ. ಹುಡುಗಿಯರು ಮಾತ್ರ ಒಟ್ಟಿಗೆ ತಲೆ ತಗ್ಗಿಸಿ, ಮುಚ್ಚಿದ ಪುಸ್ತಕಗಳನ್ನೇ ಓದತೊಡಗಿದರು. ಅವರಿಗೆ ಅರ್ಥವಾಗಿತ್ತು. ನನಗೂ.

"ದೊಡ್ಡವಳೇ. ಯಾರಿಗೆ ಗೊತ್ತಾದರೂ, ಆಗದಿದ್ದರೂ," ಅಂದೆ. "ನೆಕ್ಸ್ಟ್."

ಎಲ್ಲರೂ ಬಸ್ಸಿಗೆ ಓಡಿದಮೇಲೆ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದೆ. "ಯಶೋದ, ಡೋಂಟ್ ಬಿ ಸಿಲ್ಲಿ. ಅಮ್ಮನಿಗೆ ಹೇಳು."

"ಅಮ್ಮಂಗೇಳಿದ್ರೆ ಮಾಮಂಗೇಳ್ದಂಗೆ ಮಿಸ್. ಮಾಮಂಗೇಳಿದ್ರೆ ಬ್ಯಾನರ್ ಅಂಗ್ಡೀಗೇಳ್ದಂಗೆ. ಆಮೇಲೆ ನಾನು ಪಬ್ಲಿಕ್ ಪರೀಕ್ಷೆ ಬರ್ದಂಗೇ."

"ಎಷ್ಟು ದಿನ ಮುಚ್ಚಿಡ್ತೀಯ?"

"ಪರೀಕ್ಷೆ ಆಗೋಗಂಟ."

"ಮನೆಯಲ್ಲಿ ಗೊತ್ತಾಗೋಲ್ವಾ?"

ಆಗ ಅವಳು ಹೇಳಿದ್ದನ್ನು ಕೇಳಿ ನಾನು ಮೆಟ್ಟಿಲ ಮೇಲೆ ಕೂತೆ, ಮಂಡಿ ಬೇಡವೆಂದರೂ. ಅವರ ಮನೆಯಲ್ಲಿ ಮುಟ್ಟಾದವರು ಒಳಗೆ ಬರುವಂತಿಲ್ಲ, ಜಗಲಿಯ ಮೇಲೆ ಬೇರೆ ಚಾಪೆ. ದೇವರ ಗೂಡು, ಅಡಿಗೆಯ ಒಲೆ, ನೀರಿನ ಗಡಿಗೆ ಯಾವುದನ್ನೂ ಮುಟ್ಟುವಂತಿಲ್ಲ. ಅವಳು ಜ್ವರವೆಂದು ಹೇಳಿ, ಕೀಲುನೋವೆಂದು ನರಳಿ, ತಾನಾಗಿಯೇ ಜಗಲಿಗೆ ಹೋಗಿ ಮಲಗಿದ್ದಳು. ಆ ವರ್ಷ ಯಾರ ಮನೆಯ ಜಗಲಿಯಲ್ಲಿ ಯಾರು ಮಲಗಿರಲಿಲ್ಲ? ಬಂದ ಜ್ವರ ಹೋಗುವುದು, ಹೋದ ನೋವು ತಿಂಗಳು ಬಿಟ್ಟು ಮರಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಯಾರಿಗೂ ಅನುಮಾನ ಬರಲಿಲ್ಲ.

"ಏನೂ ಮುಟ್ಟಿಲ್ಲ ಮಿಸ್ ನಾನು. ದೀಪಾನೂ ಹಚ್ಚಿಲ್ಲ. ಮನುಷ್ಯರ್ಗೆ ಸುಳ್ಳು ಹೇಳಿವ್ನಿ, ದೇವ್ರಿಗೆ ಹೇಳಿಲ್ಲ."

ಹದಿನೈದು ತುಂಬದ ಹುಡುಗಿ. ಸುಳ್ಳಿನ ಒಳಗೇ ಮಡಿಯನ್ನು ಇಟ್ಟುಕೊಂಡು ಕಾಯುತ್ತಿದ್ದಳು. ಮೆಡಿಕಲ್ ಶಾಪಿನವನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿನಲ್ಲಿ ಕೊಡುವ ಪೊಟ್ಟಣವನ್ನು ಅಂದಿನಿಂದ ನನ್ನ ಬಾತ್‌ರೂಮಿನ ಶೆಲ್ಫಿನಲ್ಲಿ ತಂದಿಟ್ಟೆ. ಅಷ್ಟೇ ನಾನು ಮಾಡಿದ್ದು.

ಒಂದು ಶನಿವಾರ ಅವಳ ತಾಯಿಯೇ ಗುಲಾಬಿ ಹಿಡಿದು ಬಂದಳು. ಮುಳ್ಳು ಗೀರಿದ ಕೈ. "ಹುಡ್ಗೀಗೆ ಜ್ವರ ಬಿಟ್ಟು ಬಿಟ್ಟು ಬತ್ತದೆ ಮಿಸ್. ಓದೋದ್ ಜಾಸ್ತಿ ಆಗೋಯ್ತೇನೋ ಅಂತ ಅವ್ಳ ಮಾಮ ಅಂತಾನೆ. ಬಿಡಿಸ್ಬುಡಾನಾ?"

"ಈ ವರ್ಷ ಓದದವರಿಗೂ ಜ್ವರ ಬಂದಿದೆಯಮ್ಮ," ಅಂದೆ. "ನೋಡು, ನನಗೇ ಬಂದಿದೆ."

ಅವಳು ನನ್ನ ಮಂಡಿ ನೋಡಿ, ಅಯ್ಯೋ ಎಂದು, ನೀಲಗಿರಿ ಎಣ್ಣೆ ಹಚ್ಚಿ ಎಂದು ಹೇಳಿ ಹೋದಳು. ಎಂಥ ಒಳ್ಳೆಯ ಹೆಂಗಸು. ಅಂದು ಇಡೀ ಸಂಜೆ ನನ್ನ ಸುಸ್ತಿಗೆ ಜ್ವರ ಕಾರಣವೋ ಆ ತಾಯಿಯ ಮುಖ ಕಾರಣವೋ ಹೇಳಲಾರೆ.

ರಾಗಿ ಕೊಯ್ಲಿನ ಹೊತ್ತಿಗೆ ಸಾನಮಾವಿನ ಕಡೆ ಆನೆಗಳು ಬಂದವು. ಅಲ್ಲಿಯ ಮಕ್ಕಳು ಕೆಲವು ದಿನ ಬರಲಿಲ್ಲ. ಯಶೋದ ಮತ್ತೆ ಬಂದ ದಿನ ಎಲ್ಲರಿಗಿಂತ ಮುಂಚೆ ಬಂದಳು. ಚಪ್ಪಲಿ ಬಿಡುತ್ತಲೇ, "ಅಜ್ಜೀಗೆ ಗೊತ್ತಾಗೋಯ್ತು ಮಿಸ್," ಅಂದಳು.

ಅಜ್ಜಿ ಅಂದರೆ ಅಪ್ಪನ ತಾಯಿ, ಚಿನ್ನಮ್ಮ. ಮಾರಮ್ಮನ ಭಕ್ತೆ, ಆ ಮನೆಯ ಮಡಿಯನ್ನೆಲ್ಲ ಕಾಯುವವರು. ಅಕ್ಕನ ಆರತಿಯಲ್ಲಿ ಮುಂದೆ ನಿಂತು ಎಲ್ಲ ಮಾಡಿಸಿದವರು. ಅವರಿಗೆ ನಿಜವಾದ ಜ್ವರ ಬಂದಿತ್ತು. ಜಗಲಿಯಲ್ಲಿ ಒಂದು ಚಾಪೆ ಅಜ್ಜಿಯದು, ದೂರದ ಇನ್ನೊಂದು ಮೊಮ್ಮಗಳ 'ಜ್ವರ'ದ್ದು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಅಜ್ಜಿಯ ಮೈ ಕೆಂಡವಾಯಿತು. ನೀರು ನೀರು ಎನ್ನತೊಡಗಿದರು. ನೀರಿನ ಗಡಿಗೆ ಒಳಗೆ, ದೇವರ ಗೂಡಿನ ಕೆಳಗೇ.

"ಕೂಗ್ದೆ ಮಿಸ್. ಬೀದೀಲಿ ಒಂದ್ ಪಿಳ್ಳೆ ಇಲ್ಲ, ಎಲ್ಲಾ ರಾಗಿ ಕುಯ್ಯಾಕೋಗವ್ರೆ. ಬಾಗ್ಲಗಂಟ ಹೋದೆ, ಕಾಲ್ ಒಳೀಕೇ ಹೋಗ್ಲಿಲ್ಲ. ವಾಪಸ್ ಬಂದೆ. ಅಜ್ಜಿ ನಾಲ್ಗೆ ಒಣಗೋಗದೆ. ಹೇಳಾನಾ ಅಂದ್ರೆ ಕನ್ನಡದಲ್ಲಿ ಬಾಯಿಗೇ ಬರ್ಲಿಲ್ಲ. ಇಂಗ್ಲಿಷಲ್ಲಿ ಹೇಳ್ಬುಟ್ಟೆ."

"ಅಜ್ಜಿಗೆ ಇಂಗ್ಲಿಷಿನಲ್ಲಿ? ಏನಂತ?"

"ಗ್ರ್ಯಾಂಡ್‌ಮದರ್, ಐ ಆಮ್ ನಾಟ್ ಸಫರಿಂಗ್ ಫ್ರಮ್ ಫೀವರ್."

ನಾನು ನಗಲಿಲ್ಲ. ಕಾಲುಗಂಟೆಯ ನಿಯಮ ಅದು.

ಅಜ್ಜಿ ಕಣ್ಣು ಬಿಟ್ಟು, "ಏನೇ ಅದು ಮಂತ್ರ?" ಎಂದರಂತೆ. ಆಗ ಇವಳಿಗೆ ಅಳು ಬಂದು, ಅಳುವಿನ ಜೊತೆ ಕನ್ನಡವೂ ಬಂತಂತೆ. ಎಲ್ಲ ಹೇಳಿದಳಂತೆ: ಯಾವಾಗ ಆದದ್ದು, ಯಾಕೆ ಮುಚ್ಚಿಟ್ಟದ್ದು, ಗಡಿಗೆ ಯಾಕೆ ಮುಟ್ಟಲಾರೆ ಎಂಬುದು.

"ಅಜ್ಜಿ ಏನಂದರು?"

"ಅದ್ನೆಲ್ಲ ಆಮೇಲೆ ಹೇಳೀಯಂತೆ, ಮೊದ್ಲು ನೀರ್ ತತ್ತಾರೆ ಅಂತು."

ಅವಳು ಒಳಗೆ ಹೋದಳು. ದೇವರ ಗೂಡಿನ ಕಡೆ ನೋಡದೆ, ಗಡಿಗೆಯಿಂದ ನೀರು ತುಂಬಿ ತಂದಳು. ಅಜ್ಜಿ ಚೊಂಬು ಬರಿದಾಗುವವರೆಗೆ ಕುಡಿದು, ಅದನ್ನು ಪಕ್ಕಕ್ಕಿಟ್ಟರಂತೆ. ಆಮೇಲೆ, "ನಿನ್ ಪರೀಕ್ಷೆ ಯಾವಾಗ?" ಎಂದು ಕೇಳಿದರಂತೆ.

"ಮಾರ್ಚಿ ಕಡೇಲಿ ಅಂದೆ ಮಿಸ್. 'ಅಲ್ಲೀಗಂಟ ಜ್ವರಾನೇ ಇರ್ಲಿ' ಅಂತು. ಮಾರಮ್ಮ ಸುಮ್ಕಿರ್ತಾಳಾ ಅಜ್ಜಿ ಅಂದೆ. 'ಬಾಯಾರಿದೋರ್ಗೆ ನೀರ್ ಕೊಟ್ಟಿದ್ಕೆ ಅವ್ಳೇನ್ ಮಾಡ್ತಾಳೆ? ಅವ್ಳೂ ಹೆಂಗ್ಸೇ' ಅಂತು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮುನಿರಾಜುವಿನ ದನಿ ಕೇಳಿತು. ಯಶೋದ ಪುಸ್ತಕ ತೆಗೆದಳು. ನಾವು ಸೊಳ್ಳೆಕಾಟದ ಲೆಟರ್ ಮತ್ತೊಮ್ಮೆ ಬರೆದೆವು.

ಆಮೇಲಿನ ತಿಂಗಳುಗಳು ಬೇಗ ಕಳೆದವು, ಅಥವಾ ನನಗೆ ದಣಿವಿನಲ್ಲಿ ನೆನಪಿಲ್ಲ. ಹಾಫ್ ಇಯರ್ಲಿ ಆಯಿತು. ಚಳಿ ಬಂದು ನನ್ನ ಮಂಡಿಯನ್ನು ಮತ್ತಷ್ಟು ಹಿಡಿಯಿತು. ಮಾರ್ಚಿಯಲ್ಲಿ ಪಬ್ಲಿಕ್ ಪರೀಕ್ಷೆ ಬರೆದು ಬಂದ ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ಕೂತು ಐಸ್ ತಿಂದರು. ಮುನಿರಾಜುವಿನ ಮೀಸೆ ಅಷ್ಟರಲ್ಲಿ ಎರಡೂ ಕಡೆ ಬಂದಿತ್ತು.

ಕೊನೆಯ ಪೇಪರ್ ಮುಗಿದ ಮಾರನೆಯ ಬೆಳಿಗ್ಗೆ ಚಿನ್ನಮ್ಮಜ್ಜಿ ಜಗಲಿಯಲ್ಲಿ ನಿಂತು, ನಮ್ಮ ಯಶೋದ ದೊಡ್ಡೋಳಾದ್ಲು ಎಂದು ಬೀದಿಗೆ ಕೇಳುವಂತೆ ಕೂಗಿ ಹೇಳಿದರಂತೆ.

ಆರತಿಗೆ ನನ್ನನ್ನೂ ಕರೆದರು. ಬಸ್ಸಿಳಿದಾಗ ಮೊದಲು ಕಂಡದ್ದು ಬ್ಯಾನರ್. ಹೊಚ್ಚಹೊಸದು, ಬಿಸಿಲಿಗೆ ಆ ವಾಸನೆ ಬರುತ್ತಿತ್ತು. ಕಿರೀಟವಿಟ್ಟ ಯಶೋದ, ಕೆಳಗೆ ಕೈಮುಗಿದ ಮಾವ, ಅವನ ಲಾರಿ, ಲಾರಿಯ ಪಕ್ಕ... ನಾನು. ಟ್ಯೂಷನ್ನಿನ ಗ್ರೂಪ್ ಫೋಟೋದಿಂದ ಕತ್ತರಿಸಿ ತೆಗೆದ ನನ್ನ ಮುಖ. ಗುಡ್ ಲಾರ್ಡ್ ಎಂದು ಜೋರಾಗಿಯೇ ಅಂದೆ.

ಮಾವ ಹಸಿರು ಸೊಪ್ಪು ಹೊದಿಸಿ ಕಟ್ಟಿದ್ದ ಗುಡ್ಲಿನಲ್ಲಿ ಹುಡುಗಿ ಕೂತಿದ್ದಳು. ಮುಖದ ತುಂಬ ಅರಿಶಿನ. ನನ್ನನ್ನು ಕಂಡು ತುಟಿಯಂಚಿನಲ್ಲಿ, "ನನ್ನೊಬ್ಳನ್ನೇ ಯಾಕ್ ನೇತಾಕ್ಬೇಕು ಮಿಸ್? ನೀವೂ ಇರಿ ಅಂತ ನಾನೇ ಫೋಟೋ ಕೊಟ್ಟೆ," ಎಂದಳು. "ಮಳೆ ಬಂದ್ರೆ ಇನ್ಮೇಲೆ ನಿಮ್ ಮೂಗಿನ ಮೇಲಿಂದ ಸೋರ್ತದೆ."

ಊಟದ ಎಲೆ ಎತ್ತಿದಮೇಲೆ ಗಂಡಸರು ಚಪ್ಪರದಲ್ಲಿ ಕೂತರು. ಮಾವ ಮೀಸೆ ಒರೆಸಿಕೊಳ್ಳುತ್ತ, "ಪಾಸಾದ್ರೂ ಆಗ್ಲಿ ಫೇಲಾದ್ರೂ ಆಗ್ಲಿ, ಓದಿದ್ದು ಸಾಕು. ಇನ್ಮೇಲೆ ಬಸ್ಸು ಗಿಸ್ಸು ಬ್ಯಾಡ," ಅಂದ. ಅಪ್ಪ ತಲೆಯಾಡಿಸಿದ. ನಾನು ಬಾಯಿ ತೆರೆಯಬೇಕೆಂದುಕೊಂಡೆ. ಗುಡ್ಲಿನೊಳಗೆ ಯಶೋದ ನನ್ನನ್ನೇ ನೋಡುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು ವಾಕ್ಯವನ್ನು ತಲೆಯಲ್ಲೇ ಜೋಡಿಸಿ ನೋಡಿದೆ. ಎರಡೂ ಆ ಚಪ್ಪರದಲ್ಲಿ ನಿಲ್ಲುವಂಥವಾಗಿರಲಿಲ್ಲ.

ಅಷ್ಟರಲ್ಲಿ ಜಗಲಿಯಿಂದ ಒಂದು ನರಳಾಟ ಎದ್ದಿತು.

"ಅಯ್ಯೋ ನನ್ ಮಂಡೀ! ಅಯ್ಯಯ್ಯೋ, ಕೀಲೆಲ್ಲ ಕಿತ್ಕೊಂಡ್ ಬತ್ತಾವೆ!" ಚಿನ್ನಮ್ಮಜ್ಜಿ ಎರಡೂ ಕಾಲು ಚಾಚಿ, ತೊಡೆ ಬಡಿದುಕೊಳ್ಳುತ್ತಿದ್ದರು. "ದಿನಾ ಹೊಸೂರು ಆಸ್ಪತ್ರೆ ಮಾತ್ರೆ ಬರ್ದಿದ್ರೆ ನಾನ್ ಸತ್ತೋಗ್ತೀನಿ ಕಣ್ರಪ್ಪಾ! ತರೋರ್ ಯಾರು? ಬಸ್ಸಲ್ಲಿ ಹೋಗ್ಬಂದು ರೂಢಿ ಇರೋಳು ಇವ್ಳೊಬ್ಳೇಯಾ!"

"ನಾನ್ ತಂದ್ಕೊಡ್ತೀನಿ ಬುಡತ್ತೆ," ಎಂದ ಮಾವ.

"ನೀನು ಲಾರಿ ಹತ್ತುದ್ರೆ ಸೇಲಂಗೋಗಿ ಬತ್ತೀಯ. ಅಷ್ಟೊತ್ಗೆ ನನ್ ತಿಥಿ ವಡೆ ತಿನ್ನಾಕ್ ಬಾ!"

ಚಪ್ಪರ ನಕ್ಕಿತು. ಮಾವನೂ ನಕ್ಕುಬಿಟ್ಟ. ಅಪ್ಪನಿಗೆ ತಾಯಿಯ ನೋವು ನೋಡಲಾಗಲಿಲ್ಲ. ಹೇಗೂ ಹೊಸೂರಿಗೆ ಹೋಗಿ ಬರುವವಳು, ಹಗಲು ಸ್ಕೂಲಿನಲ್ಲೇ ಕೂತಿದ್ದು ಸಂಜೆ ಮಾತ್ರೆ ತರಲಿ ಎಂದು ಅವನೇ ಅಂದ. ಅಜ್ಜಿ ನರಳುತ್ತಲೇ ನನ್ನ ಕಡೆ ತಿರುಗಿ, "ಪ್ಲಸ್ ಟೂ ಅಂದ್ರೆ ಎಷ್ಟ್ ವರ್ಷ ಟೀಚರಮ್ಮಾ?" ಎಂದು ಮೆಲ್ಲಗೆ ಕೇಳಿದರು.

"ಎರಡು," ಅಂದೆ.

"ಅಯ್ಯೋ ನನ್ ಮಂಡೀ!" ಎಂದು ಮತ್ತೆ ಶುರುಮಾಡಿದರು.

ಚಿನ್ನಮ್ಮಜ್ಜಿಯ ಮಂಡಿನೋವು ಎರಡು ವರ್ಷ ಒಂದು ದಿನವೂ ಬಿಡಲಿಲ್ಲ. ಯಶೋದ ದಿನಾ ಬಸ್ಸು ಹಿಡಿದಳು. ಸಂಜೆ ನನ್ನ ಮನೆಗೆ ಬಂದು ಹೋಮ್‌ವರ್ಕ್ ಮಾಡಿದಳು, ಕೊನೆಯ ಕಾಲುಗಂಟೆಯಲ್ಲಿ ಇನ್ನೂ ಕಷ್ಟದ ಪ್ರಶ್ನೆಗಳನ್ನು ಕೇಳಿದಳು.

ಪ್ಲಸ್ ಟೂ ರಿಸಲ್ಟ್ ಬಂದ ವಾರ, ಮಾವಿನ ಕಾಲ, ಸುಡುವ ಮಧ್ಯಾಹ್ನ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನಾನು ಗೋಡೆ ಹಿಡಿದು ಎದ್ದು ಬಾಗಿಲು ತೆಗೆಯುವ ಹೊತ್ತಿಗೆ ಚಿನ್ನಮ್ಮಜ್ಜಿ ಮೇಲೆ ಬಂದಾಗಿತ್ತು. ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ತಲೆಯ ಮೇಲೆ ಒಂದು ಚೀಲ ಮಾವಿನಹಣ್ಣು, ಕೈಯಲ್ಲಿ ಕೋಲೂ ಇಲ್ಲ. ಚೀಲವನ್ನು ದೊಪ್ಪನೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಅಜ್ಜಿ, ಮಂಡಿನೋವು?" ಅಂದೆ.

"ಅವ್ಳು ಪಾಸಾಗ್ಬುಟ್ಲಲ್ಲ ಟೀಚರಮ್ಮ," ಅಂದರು ಅಜ್ಜಿ. "ಇನ್ಯಾಕ್ ನೋಯ್ತದೆ?"

ಒಂದು ಲೋಟ ನೀರು ಕೇಳಿ ಕುಡಿದು, ಅವರು ಸರಸರನೆ ಇಳಿದು ಹೋದರು. ನಾನು ಕಂಬಿ ಹಿಡಿದುಕೊಂಡು, ಅವರು ಬೀದಿಯ ತಿರುವು ದಾಟುವವರೆಗೆ ನೋಡುತ್ತ ನಿಂತೆ.